ಉತ್ತರಿಸಿದವರು: ಮೂರು

ಕುರ್ಚಿಗಳನ್ನು ದುಂಡಗೆ ಹಾಕಬೇಕು ಎಂದು ಬರೆದವನು ಅವನೇ. ಆರು ಪುಟದ ಕೈಪಿಡಿಯ ನಾಲ್ಕನೆಯ ಪುಟದಲ್ಲಿ, ಸಾರ್ವಜನಿಕ ಸಭೆಯಲ್ಲಿ ಒಬ್ಬರು ಮೇಲೆ ಒಬ್ಬರು ಕೆಳಗೆ ಎಂಬ ಭಾವನೆ ಬರಬಾರದು, ಆದ್ದರಿಂದ ಆಸನಗಳು ವೃತ್ತಾಕಾರದಲ್ಲಿರತಕ್ಕದ್ದು, ಎಂದು. ಬರೆಯುವಾಗ ಈ ಸಭಾಂಗಣದ ಕುರ್ಚಿಗಳು ನಾಲ್ಕು ನಾಲ್ಕಾಗಿ ಒಂದೊಂದು ಕಬ್ಬಿಣದ ಪಟ್ಟಿಗೆ ಬೆಸೆದುಕೊಂಡಿವೆ ಎಂಬುದು ಅವನಿಗೆ ನೆನಪಾಗಿರಲಿಲ್ಲ. ಈಗ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬನೇ ನಿಂತು ಒಂದು ಸಾಲನ್ನು ಎಳೆದರೆ ನಾಲ್ಕೂ ಒಟ್ಟಿಗೆ ಕಿರ್ರೆಂದು ಬರುತ್ತವೆ, ಬಂದು ಇನ್ನೊಂದು ಸಾಲಿಗೆ ಡಿಕ್ಕಿ ಹೊಡೆಯುತ್ತವೆ. ನೇರ ಗೆರೆಗಳಿಂದ ವೃತ್ತ ಮಾಡುವುದು ಹೇಗೆ? ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಆದದ್ದು ಒಂದು ಸೊಟ್ಟ ಚೌಕ, ಅದರ ಒಂದು ಬದಿಗೆ ಎತ್ತರದ ವೇದಿಕೆ, ವೇದಿಕೆಯ ಮೇಲೆ ಹಸಿರು ಬಟ್ಟೆ ಹೊದಿಸಿದ ಮೇಜು. ಮೇಜನ್ನು ಕೆಳಗಿಳಿಸೋಣ ಎಂದು ಹೋದರೆ ಅದರ ಕಾಲುಗಳನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದರು. ಬಾಗಿಲಲ್ಲಿ ಇಣುಕಿದ ಟಪಾಲು ವಿಭಾಗದವನು, "ಏನ್ ಗಾಜು ಸಾಹೇಬ್ರೇ, ಸರ್ಕಸ್ ಬರುತ್ತಾ ಇವತ್ತು?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದ. ಪಾರದರ್ಶಕತೆ, ಪಾರದರ್ಶಕತೆ ಎಂದು ಎರಡು ವರ್ಷ ಬಾಯಿ ಬಡಿದುಕೊಂಡದ್ದಕ್ಕೆ ಸಾರಿಗೆ ಕಚೇರಿಯ ಮೂರೂ ಮಹಡಿಯವರು ಸೇರಿ ಕೊಟ್ಟ ಹೆಸರು ಅದು, ಗಾಜು. ಮೊದಮೊದಲು ಅದರಲ್ಲಿ ಸ್ವಲ್ಪ ಮರ್ಯಾದೆಯೂ ಇದೆ ಎಂದುಕೊಂಡಿದ್ದ. ಆಮೇಲೆ ಗೊತ್ತಾಯಿತು, ಗಾಜನ್ನು ಯಾರೂ ನೋಡುವುದಿಲ್ಲ, ಅದರ ಮೂಲಕ ಆಚೆಗೆ ನೋಡುತ್ತಾರೆ ಅಷ್ಟೇ.

ಬಸ್ ಮಾರ್ಗಗಳನ್ನು ಮರುಹೊಂದಿಸುವ ಕರಡು ನೀತಿಯನ್ನು ಅವನ ಹಟದಿಂದಲೇ ಜನರ ಮುಂದೆ ಇಟ್ಟದ್ದು. ಸರಾಸರಿ ಹತ್ತಕ್ಕಿಂತ ಕಡಿಮೆ ಪ್ರಯಾಣಿಕರಿರುವ ಅರವತ್ತೆಂಟು ಟ್ರಿಪ್ಪುಗಳನ್ನು ರದ್ದು ಮಾಡುವುದು, ಉಳಿದ ಬಸ್ಸುಗಳನ್ನು ಜನ ಹೆಚ್ಚಿರುವ ಕಡೆಗೆ ಹಾಕುವುದು, ಕೇಳಿದರೆ ಯಾರಾದರೂ ಹೌದೆನ್ನಬೇಕು. ಆದರೂ ಕೇಳಬೇಕು ಎಂದು ಅವನು ಹೇಳಿದ್ದ. ಮೂವತ್ತು ದಿನ ಕಾಲಾವಕಾಶ. ಬಂದ ಪ್ರತಿ ಸಲಹೆಗೂ ಲಿಖಿತ ಉತ್ತರ. ಪಕ್ಷಪಾತ ಆಗಬಾರದೆಂದು ಕಳಿಸಿದವರ ಹೆಸರು ವಿಳಾಸ ತೆಗೆದು ನಂಬರು ಹಾಕುವುದು. ಕೈಬರಹದಿಂದಲೂ ಗುರುತು ಸಿಗಬಾರದೆಂದು ಪ್ರತಿ ಪತ್ರವನ್ನೂ ಟೈಪ್ ಮಾಡಿಸುವುದು. ಉತ್ತರಿಸುವ ಅಧಿಕಾರಿಯ ಮೇಲೆ ಯಾರೂ ಒತ್ತಡ ತರಬಾರದೆಂದು ಅವರಿಗೂ ಹೆಸರಿನ ಬದಲು ನಂಬರು. ಒಂದು, ಎರಡು, ಮೂರು. ವಿನಯಕ್ಕೆಂದು ಮೂರನೆಯದನ್ನು ತಾನಿಟ್ಟುಕೊಂಡ. ಬಂದದ್ದು ಆರುನೂರ ಹನ್ನೆರಡು ಪತ್ರ. ತಲೆಗೆ ಇನ್ನೂರ ನಾಲ್ಕು, ಎರಡು ದಿನದಲ್ಲಿ ಮುಗಿಯಬೇಕು. ಒಪ್ಪಿದೆ, ಭಾಗಶಃ ಒಪ್ಪಿದೆ, ಗಮನಿಸಿದೆ, ವಿಷಯಕ್ಕೆ ಹೊರತು, ಈ ನಾಲ್ಕರಲ್ಲಿ ಒಂದನ್ನು ಆರಿಸಿದರೆ ಕಂಪ್ಯೂಟರು ತಾನೇ ಪತ್ರ ಬರೆದು ಮುದ್ರಿಸುತ್ತಿತ್ತು. ಮೊದಲ ದಿನ ಬೆಳಿಗ್ಗೆ ಒಂದೊಂದು ಪತ್ರಕ್ಕೂ ಕಾಲು ಗಂಟೆ ಕೊಟ್ಟ. ಸಂಜೆಗೆ ಐದು ನಿಮಿಷ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೊದಲ ನಾಲ್ಕು ಸಾಲು ಓದಿದರೆ ಪತ್ರದ ಜಾತಕವೆಲ್ಲ ಗೊತ್ತಾಗುತ್ತದೆ ಎಂಬ ಧೈರ್ಯ ಬಂದುಬಿಟ್ಟಿತ್ತು, ಆ ಧೈರ್ಯವನ್ನು ಅವನು ಅನುಭವ ಎಂದು ಕರೆದುಕೊಂಡ.

ಈಗ ಕುರ್ಚಿಗಳ ಕೆಲಸ ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಸಭಾಂಗಣದ ಹೊರಗೆ ಬಂದರೆ ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಮಡಚಿದ ಪ್ಲಾಸ್ಟಿಕ್ ಚೀಲ, ಚಪ್ಪಲಿ ಬಿಚ್ಚಿ ಪಾದಗಳನ್ನು ನೆಲಕ್ಕೆ ಒತ್ತಿಕೊಂಡಿದ್ದಾಳೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತೇ ಕೆಲಸ ಮಾಡಿದವಳು, ಎಲ್ಲಿ ಕೂತರೂ ಮೊದಲು ಮಾಡುವುದು ಅದನ್ನೇ. ಸೋಪಿನ ನೀರಿಗೆ ಬೆರಳ ತುದಿಗಳು ಬಿಳುಚಿ ಸುಕ್ಕಾಗಿರುತ್ತವೆ. ಅವಳನ್ನು ಕಂಡಾಗ ಆದದ್ದು ಸಂತೋಷವಲ್ಲ ಎಂಬುದು ಅವನಿಗೆ ಕೂಡಲೇ ತಿಳಿಯಿತು, ತಿಳಿದದ್ದಕ್ಕೆ ನಾಚಿಕೆಯಾಯಿತು. ಕಾರಿಡಾರಿನಲ್ಲಿ ಬೇರೆ ಯಾರಿದ್ದಾರೆ ಎಂದು ಅವನ ಕಣ್ಣು ಮೊದಲು ನೋಡಿತ್ತು. ಕಾಲೇಜಿಗೆ ಸೇರುವಾಗಲೂ ಹಾಗೇ. ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತವಳು ಅವಳು, ಕಂಬದ ಹಿಂದೆ ಯಾರೋ ಬೇರೆಯವನ ಹಾಗೆ ನಿಂತವನು ಇವನು. ಗುಮಾಸ್ತ ಅರ್ಜಿಯನ್ನು ರಾಶಿಯ ಮೇಲೆ ಎಸೆದಾಗ ಅವಳು ಕಿಟಕಿಯ ಸರಳು ಹಿಡಿದು, "ಓದಿದ್ರಾ?" ಎಂದು ಕೇಳಿದ್ದಳು. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಎಂಟನೆಯ ಕ್ಲಾಸಿಗೆ ಓದು ಬಿಟ್ಟವಳು ಮಾತ್ರೆಯ ಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡದೆ ಓದುತ್ತಿದ್ದಳು, ಹಾಗಾಗಿ ಉಳಿದವರೂ ಓದುತ್ತಾರೆ ಎಂದು ನಂಬಿದ್ದಳು. ಕಾಗದ ಎಂದ ಮೇಲೆ ಅದು ಓದುವುದಕ್ಕೇ ಇರುವುದು ಎಂಬುದು ಅವಳ ಲೆಕ್ಕ.

"ರಜಾ ಹಾಕಿ ಬಂದೆ, ಅರ್ಧ ದಿನ," ಎಂದಳು. "ನೀನು ಹೇಳಿದ್ದೆಯಲ್ಲ, ಬರಿ ಅಕ್ಕ, ಬರೆದರೆ ಉತ್ತರ ಬಂದೇ ಬರುತ್ತೆ ಅಂತ. ಬಂತು ನೋಡು." ಚೀಲದೊಳಗಿಂದ ಲಕೋಟೆ, ಲಕೋಟೆಯೊಳಗಿಂದ ಕಾಗದ. ಸಲಹೆ ಸಂಖ್ಯೆ ನಾನೂರ ಎಪ್ಪತ್ತೊಂದು. ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು. ಸದರಿ ಸಲಹೆಯು ಪ್ರಸ್ತುತ ನೀತಿಯ ವಿಷಯಕ್ಕೆ ಹೊರತಾಗಿರುವುದರಿಂದ ಪರಿಗಣಿಸಲು ಬರುವುದಿಲ್ಲ. ಉತ್ತರಿಸಿದವರು: ಮೂರು.

"ಯಾರೋ ಇವನು ಮೂರು?" ಅಕ್ಕ ಕೇಳಿದಳು. "ನಿಮ್ಮಲ್ಲೇ ಇರ್ತಾನಲ್ಲ, ಸ್ವಲ್ಪ ಬೈದು ಹೇಳು ಅವನಿಗೆ. ಬಸ್ಸಿನ ವಿಷಯ ಕೇಳಿದ್ದಕ್ಕೆ ಬಸ್ಸಿನ ವಿಷಯಾನೇ ಬರ್ದಿದೀನಿ. ಹೊರತು ಹೇಗಾಗುತ್ತೆ?"

ಅವನು ಕಾಗದವನ್ನು ಬೆಳಕಿಗೆ ಹಿಡಿದು, ಓದುತ್ತಿರುವವನ ಹಾಗೆ ನಿಂತ. ನಾನೂರ ಎಪ್ಪತ್ತೊಂದು ಅವನಿಗೆ ನೆನಪಿತ್ತು. ಅದೇ ಇನ್ನೂ ಕೆಟ್ಟದ್ದು, ನೆನಪಿತ್ತು. ಮಾನ್ಯರೇ, ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ನನ್ನ ತಮ್ಮ ಸರ್ಕಾರಿ ಕೆಲಸದಲ್ಲಿದ್ದಾನೆ, ಬರೆದರೆ ಓದುತ್ತಾರೆ ಎಂದು ಅವನೇ ಧೈರ್ಯ ಹೇಳಿದ್ದರಿಂದ ಬರೆಯುತ್ತಿದ್ದೇನೆ, ನಮ್ಮ ತಾಯಿ ಇದ್ದಾಗ ಈ ನಿಲ್ದಾಣದಲ್ಲಿ ನೆರಳಿಗೆ ಒಂದು ಮರವಿತ್ತು. ಇಷ್ಟನ್ನು ಓದಿ ಅವನು ನಕ್ಕಿದ್ದ. ಯಾವನೋ ಪಾಪದ ತಮ್ಮ, ಅಕ್ಕನ ಹತ್ತಿರ ಜಂಬ ಕೊಚ್ಚಿಕೊಂಡಿದ್ದಾನೆ, ಎಂದು ಪಕ್ಕದ ಮೇಜಿನ ಎರಡನೆಯ ನಂಬರಿನವನಿಗೂ ಓದಿ ಹೇಳಿದ್ದ. ತಾಯಿ, ಮರ, ನೆರಳು. ವಿಷಯಕ್ಕೆ ಹೊರತು. ನಲವತ್ತು ಸೆಕೆಂಡು. ಅಕ್ಷರ ಅವಳದ್ದೇ ಇದ್ದಿದ್ದರೆ ಹತ್ತು ಮಾರು ದೂರದಿಂದಲೇ ಗುರುತಿಸುತ್ತಿದ್ದ. ಸ್ಕೂಲಿಗೆ ಅವನ ರಜಾಚೀಟಿಗಳನ್ನೆಲ್ಲ ಬರೆದವಳು ಅವಳೇ, ಜ್ವರ ಎಂದು ಬರೆಯುವ ಮೊದಲು ಎರಡು ಸಾಲು ಕ್ಷಮೆ ಕೇಳುವ ರೂಢಿ ಆಗಿನದೇ. ಅವಳಿಂದ ಅವಳ ಅಕ್ಷರ ಕಿತ್ತುಕೊಂಡದ್ದು ಅವನ ನಿಯಮ. ಹೇಳಿಬಿಡು, ಈಗಲೇ ಹೇಳಿಬಿಡು, ಇಲ್ಲಿ ಯಾರೂ ಇಲ್ಲ, ಎಂದು ತನಗೆ ಹೇಳಿಕೊಂಡ. "ವಿಚಾರಿಸ್ತೀನಿ ಅಕ್ಕ," ಎಂದ.

"ಎರಡನೇ ಪುಟ ಕಳೆದುಹೋಗಿರಬೇಕು ಅಂತ ನನಗೆ ಅನುಮಾನ. ಅದಕ್ಕೇ ಇನ್ನೊಂದು ಪ್ರತಿ ತಂದಿದೀನಿ." ಲೈನಿನ ಹಾಳೆ, ಸ್ಕೇಲು ಇಟ್ಟು ಎಳೆದ ಚೌಕಗಳು. ಬೆಳಿಗ್ಗೆ ಐದು ನಲವತ್ತರ ಬಸ್ಸು, ಹನ್ನೊಂದು ದಿನ, ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದವರು. ಒಗೆಯುವವರು, ಗುಡಿಸುವವರು, ಅಡುಗೆ ಕೋಣೆಯವರು, ರೋಗಿಗಳ ಕಡೆಯವರು, ಬೇರೆ ಬೇರೆ ಕಾಲಮ್ಮು. ಸೋಮವಾರ ನಲವತ್ತೊಂದು. ಮಂಗಳವಾರ ಮೂವತ್ತೆಂಟು. ಕರಡಿನ ಪಟ್ಟಿಯಲ್ಲಿ ಅದೇ ಬಸ್ಸಿಗೆ ಸರಾಸರಿ ಮೂರು ಎಂದಿತ್ತು.

"ಮೂರು ಅಂತ ಹೇಗೆ ಬಂತು ಅಕ್ಕ ಹಾಗಾದ್ರೆ? ಟಿಕೆಟ್ ಮೆಷೀನಿಂದ ತೆಗೆದ ಲೆಕ್ಕ ಅದು."

ಅಕ್ಕ ಅವನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದಳು. "ನಮ್ಮ ಹತ್ರ ಎಲ್ಲಾ ಪಾಸ್ ಇದೆಯಲ್ಲೋ. ಪಾಸ್ ಇದ್ದೋರಿಗೆ ಟಿಕೆಟ್ ಯಾಕೆ ಹರೀತಾನೆ ಕಂಡಕ್ಟರು? ಮೂರು ಅಂದ್ರೆ ರೋಗಿ ನೋಡೋಕೆ ಬಂದೋರು. ಅದನ್ನೇ ಬರ್ದಿದೀನಿ ನೋಡು ಕೆಳಗೆ."

ಅಂಗೈ ಹುಣ್ಣು ನೋಡಲು ಕನ್ನಡಿ ಹಿಡಿದ ಹಾಗೆ ಎರಡು ವರ್ಷ ನಕ್ಷೆ, ಗ್ರಾಫು, ಬಣ್ಣಬಣ್ಣದ ಪಟ್ಟಿ ಎಂದು ಹಿಡಿದುಕೊಂಡು ಕೂತಿದ್ದರಲ್ಲ, ಆ ಕೋಣೆಯಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಎಲ್ಲರೂ ಸ್ಕೂಟರಿನವರು, ಕಾರಿನವರು. ಬಸ್ಸಿನ ನೀತಿ ಮಾಡುವವರಲ್ಲಿ ಬಸ್ಸು ಹತ್ತುವವನು ಒಬ್ಬನೂ ಇರಲಿಲ್ಲ. ಅರವತ್ತೆಂಟು ಟ್ರಿಪ್ಪುಗಳಲ್ಲಿ ಬೆಳಗಿನ ಜಾವದವು ಎಷ್ಟು, ಅವುಗಳಲ್ಲಿ ಪಾಸಿನವರೇ ತುಂಬಿದವು ಎಷ್ಟು? ಇದು ಅಕ್ಕನ ಬಸ್ಸಿನ ಕತೆಯಷ್ಟೇ ಅಲ್ಲ, ಪಟ್ಟಿಗೆ ಪಟ್ಟಿಯೇ ಸುಳ್ಳು. ಐದು ನಲವತ್ತರದು ನಿಂತರೆ ಮುಂದಿನದು ಏಳು ಹತ್ತಕ್ಕೆ, ಅವಳು ಕೆಲಸಕ್ಕೆ ಹಾಜರಾಗಬೇಕಾದದ್ದು ಆರಕ್ಕೆ. "ತಡವಾಗಿ ಬಂದ್ರೆ ಬರಲೇಬೇಡಿ ಅಂದಿದಾರೆ ಮೇಸ್ತ್ರಿ," ಎಂದು ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು, ತೀರಾ ಸಾಧಾರಣ ಸಂಗತಿಯೊಂದನ್ನು ಹೇಳುವ ಹಾಗೆ.

ಹಾಳೆ ಹಿಡಿದು ಮೆಟ್ಟಿಲು ಹತ್ತುವಾಗ ಟೈಪಿಸ್ಟ್ ಎದುರಾದಳು. ಸಭೆಯ ನಡಾವಳಿ ಬರೆದುಕೊಳ್ಳಲು ಲ್ಯಾಪ್‌ಟಾಪ್ ಹಿಡಿದು ಹೊರಟಿದ್ದಳು. ಅವನ ಕೈಯಲ್ಲಿದ್ದ ಹಾಳೆಯನ್ನು ನೋಡಿ, "ಓ, ನಾನೂರ ಎಪ್ಪತ್ತೊಂದು," ಎಂದಳು. "ಎಷ್ಟು ಚೆನ್ನಾಗಿ ಲೆಕ್ಕ ಹಾಕಿದಾರಲ್ಲ ಸಾರ್? ಆ ಚೌಕ ಎಲ್ಲಾ ಮಾಡೋಕೆ ನಂಗೆ ಒಂದು ಗಂಟೆ ಹಿಡೀತು. ಒಪ್ಪಿದೆ ಅಂತ ಹಾಕ್ತೀರಿ ಅಂದ್ಕೊಂಡಿದ್ದೆ."

"ನೀವು ಎಲ್ಲಾ ಓದಿದ್ರಾ?"

"ಓದದೆ ಟೈಪ್ ಮಾಡೋದು ಹೇಗೆ ಸಾರ್?"

ಆರುನೂರ ಹನ್ನೆರಡನ್ನೂ ಕೊನೆಯ ಅಕ್ಷರದವರೆಗೆ ಓದಿದವಳು ಈ ಕಟ್ಟಡದಲ್ಲಿ ಅವಳೊಬ್ಬಳೇ, ಅವಳಿಗೆ ನಂಬರು ಕೊಟ್ಟಿರಲಿಲ್ಲ.

ಮೇಲಿನ ಮಹಡಿಯಲ್ಲಿ ವಿಭಾಗದ ಮುಖ್ಯಸ್ಥೆ ಮೇಡಂ ಕನ್ನಡಕ ಹಣೆಗೇರಿಸಿ ಹಾಳೆಯನ್ನು ನಿಜವಾಗಿಯೂ ನೋಡಿದರು. ಕೆಟ್ಟವರಲ್ಲ ಅವರು, ಕೆಟ್ಟವರಾಗಿದ್ದರೆ ಜಗಳವಾಡುವುದಾದರೂ ಸುಲಭವಿತ್ತು. "ನಿಜಾನೇ ಇರಬಹುದು," ಎಂದರು. "ಪಾಪ." ಆಮೇಲೆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಅವನ ಕಡೆಗೆ ಸರಿಸಿದರು. "ಆದರೆ ಏನ್ ಮಾಡೋಕಾಗುತ್ತೆ? ಆದೇಶಕ್ಕೆ ಸಹಿ ಆಗಿದೆಯಲ್ಲ. ಹೋದ ತಿಂಗಳು ಇಪ್ಪತ್ತಾರಕ್ಕೇ. ಹೊಸ ವೇಳಾಪಟ್ಟಿ ಅಚ್ಚಿಗೆ ಹೋಗಿದೆ."

ಸಲಹೆ ಕಳಿಸಲು ಕೊನೆಯ ದಿನ ಅದೇ ತಿಂಗಳ ಮೂವತ್ತು. ಅವನು ಎರಡು ದಿನ ಕಣ್ಣು ಕೆಂಪಾಗಿಸಿಕೊಂಡು ಒಪ್ಪಿದೆ, ಗಮನಿಸಿದೆ ಎಂದು ಒತ್ತಿದ್ದು ಅದಕ್ಕೂ ವಾರದ ಮೇಲೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವನು ಬಾಗಿಲು ಹಾಕಿದ್ದೂ ಅಲ್ಲ, ಇಲ್ಲದ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ. "ಹಾಗಾದ್ರೆ ಇವತ್ತಿನ ಸಭೆ ಯಾಕೆ ಮೇಡಂ?"

"ನಿಮ್ಮ ಕೈಪಿಡೀಲಿ ಇದೆ ಅಂತ." ಅವರು ಅಣಕಿಸಿ ಹೇಳಲಿಲ್ಲ, ಅದೇ ಉರಿಯುವಂಥದ್ದು. "ಸಹಿ ವಿಷಯ ಕೆಳಗೆ ಎತ್ತಬೇಡಿ. ಜನ ಮಾತಾಡ್ಲಿ, ಮನಸ್ಸು ಹಗುರ ಆಗುತ್ತೆ ಅವರಿಗೆ. ಕೇಳಿಸ್ಕೊಳ್ಳೋದೂ ಒಂದು ಕೆಲಸವೇ ಅಲ್ವಾ? ನೀವೇ ಬರ್ದಿದೀರಿ."

ಬರೆದಿದ್ದ. ಮೊದಲ ಪುಟ, ಎರಡನೆಯ ಸಾಲು. ಮೆಟ್ಟಿಲಿಳಿಯುವಾಗ ಆ ಆರು ಪುಟಗಳನ್ನು ಯಾರೋ ತನ್ನ ಬಾಯಿಗೆ ತುರುಕಿ ಅಗಿ ಎನ್ನುತ್ತಿದ್ದಾರೆ ಎನ್ನಿಸಿತು. ಯಾರ ಮೇಲೆ ಸಿಟ್ಟು ಮಾಡಬೇಕು? ಮೇಡಂ ಮೇಲೆ ಮಾಡಿದರೆ ಅವರು ಮೇಲಿನವರನ್ನು ತೋರಿಸುತ್ತಾರೆ, ಮೇಲಿನವರು ಇನ್ನೂ ಮೇಲಿನವರನ್ನು. ಪ್ರಾಮಾಣಿಕವಾಗಿ ಹೇಳುವುದಾದರೆ, ಸಹಿ ಆಗಿದೆ ಎಂದು ಕೇಳಿದ ಕೂಡಲೇ ಒಂದು ಕ್ಷಣ ಅವನಿಗೆ ಹಾಯೆನ್ನಿಸಿತ್ತು. ಎರಡನೆಯ ಪುಟ ಓದಿದ್ದರೂ ಏನೂ ಆಗುತ್ತಿರಲಿಲ್ಲ, ಹಾಗಾದರೆ ಓದದೆ ಇದ್ದದ್ದು ತಪ್ಪಲ್ಲ. ಈ ಹಾಯೆನ್ನುವಿಕೆಯನ್ನು ಕಾಲಲ್ಲಿ ತುಳಿದು ಸಾಯಿಸಬೇಕು ಎನ್ನಿಸಿತು. ಕೊನೆಯ ಮೆಟ್ಟಿಲಲ್ಲಿ ನಿಂತು ಮುಖ ಒರೆಸಿಕೊಂಡ.

ಸೊಟ್ಟ ಚೌಕ ತುಂಬಿತ್ತು. ಬಂದವರು ಕುರ್ಚಿಗಳನ್ನು ಮತ್ತೆ ವೇದಿಕೆಯ ಕಡೆಗೆ ತಿರುಗಿಸಿಕೊಂಡಿದ್ದರು, ಯಾರಿಗೂ ಕತ್ತು ನೋಯುವುದು ಬೇಡವಾಗಿತ್ತು. ಮೇಡಂ ಹಸಿರು ಬಟ್ಟೆಯ ಹಿಂದೆ ಕೂತರು, ಅವನು ವೇದಿಕೆಯ ಅಂಚಿನ ಮೇಜಿನಲ್ಲಿ ಮೈಕು ಹಾಗೂ ಗಡಿಯಾರ ಇಟ್ಟುಕೊಂಡು, ಪಕ್ಕದಲ್ಲಿ ಟೈಪಿಸ್ಟ್. ತಲೆಗೆ ಎರಡು ನಿಮಿಷ. ಒಬ್ಬರು ನಿಲ್ದಾಣದಲ್ಲಿ ದೀಪವಿಲ್ಲ ಎಂದರು, ಮೇಡಂ ಗಮನಿಸಿದ್ದೇವೆ ಎಂದರು. ಒಬ್ಬರು ಕಂಡಕ್ಟರ್ ಒರಟು ಎಂದರು, ಗಮನಿಸಿದ್ದೇವೆ. ಪ್ರತಿ ಸಲ ಆ ಮಾತು ಬಂದಾಗ ಅವನಿಗೆ ಹಲ್ಲಿನ ನಡುವೆ ಮರಳು ಸಿಕ್ಕ ಹಾಗಾಗುತ್ತಿತ್ತು. ಮೂರನೆಯ ಸಾಲಿನಲ್ಲಿ ಅಕ್ಕ ನೆಟ್ಟಗೆ ಕೂತಿದ್ದಳು, ಪಕ್ಕದ ಹೆಂಗಸಿಗೆ ಏನೋ ಹೇಳಿ ವೇದಿಕೆಯ ಕಡೆ ಬೆರಳು ತೋರಿಸಿದಳು. ನಮ್ಮ ತಮ್ಮ, ಎಂದಿರಬೇಕು. ಅವನು ಗಡಿಯಾರವನ್ನು ನೋಡಿದ.

ಹದಿನೇಳನೆಯವಳಾಗಿ ಅವಳು ಎದ್ದು ವೇದಿಕೆಯ ಕೆಳಗೆ ಸಭಿಕರಿಗಾಗಿ ಇಟ್ಟ ಮೈಕಿನ ಹತ್ತಿರ ಬಂದಳು. ಅದರ ಮುಂದೆ ಅಷ್ಟು ಜೋರಾಗಿ ಮಾತಾಡಬೇಕಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. "ನಮಸ್ಕಾರ. ನನ್ನದು ನಾನೂರ ಎಪ್ಪತ್ತೊಂದು. ಉತ್ತರ ಬಂದಿದೆ, ಸಂತೋಷ. ಇದರಲ್ಲಿ ಉತ್ತರಿಸಿದವರು ಮೂರು ಅಂತಿದೆ. ಆ ಮೂರು ಯಾರು ಅಂತ ಒಂದ್ಸಲ ಎದ್ದು ನಿಂತರೆ ಚೆನ್ನಾಗಿತ್ತು. ನಾನು ಜಗಳಕ್ಕೆ ಬಂದಿಲ್ಲ. ಎರಡನೇ ಪುಟ ಅವರಿಗೆ ಸಿಕ್ಕಿತೋ ಇಲ್ಲವೋ ಅಂತ ಕೇಳಬೇಕು, ಅಷ್ಟೇ."

ಸಭೆಯಲ್ಲಿ ಯಾರೋ ನಕ್ಕರು. ಕಾಲೇಜಿನ ಸಾಲಿನಲ್ಲಿ ನಕ್ಕ ಹಾಗೆಯೇ. ಮೇಡಂ ಮುಂದಕ್ಕೆ ಬಾಗಿದರು. "ಅದು ಒಬ್ಬ ಮನುಷ್ಯ ಅಲ್ಲಮ್ಮ. ಅದು ವ್ಯವಸ್ಥೆ. ಕಚೇರಿ ಕೊಟ್ಟ ಉತ್ತರ ಅಂತ ತಿಳ್ಕೊಳ್ಳಿ. ನಿಮ್ಮ ಮಾತನ್ನ ಗಮನಿಸಿದ್ದೇವೆ."

ಹಿಂದೆ ನಿಂತುಕೊಳ್ಳಲು ಸುತ್ತ ಎಲ್ಲಿಯೂ ಕಂಬ ಇರಲಿಲ್ಲ. ಅವನು ಎದ್ದು ನಿಂತ. ಎದ್ದದ್ದು ತಾನೇ ಎಂದು ಅವನಿಗೆ ತಿಳಿಯುವ ಮೊದಲೇ ಅಕ್ಕನ ಮುಖ ಅರಳಿಬಿಟ್ಟಿತು. ಅವಳು ಸಭೆಯ ಕಡೆಗೆ ಅರ್ಧ ತಿರುಗಿ, "ನನ್ನ ತಮ್ಮ," ಎಂದಳು, "ಇಲ್ಲೇ ಕೆಲಸ ಅವನಿಗೆ. ಈಗ ಅವನು ಹೇಳ್ತಾನೆ ನೋಡಿ."

"ಮೂರು ನಾನೇ ಅಕ್ಕ."

ಮೈಕು ಒಂದು ಸಲ ಗುಂಯ್ ಎಂದು ಸುಮ್ಮನಾಯಿತು. ಅವಳ ನಗು ಕೂಡಲೇ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅವಳು ಕೈಯಲ್ಲಿದ್ದ ಉತ್ತರವನ್ನು ನೋಡಿದಳು, ಅವನನ್ನು ನೋಡಿದಳು.

"ಓದಿದ್ಯಾ?"

"ಮೊದಲಿನ ನಾಲ್ಕು ಸಾಲು."

ಯಾರೂ ನಗಲಿಲ್ಲ. ಇನ್ನು ಕೂತರೂ ಒಂದೇ, ನಿಂತರೂ ಒಂದೇ. ಅವನ ಮಾತು ಚೂರು ಚೂರಾಗಿ ಬಂತು. "ಪೂರ್ತಿ ಓದಿದ್ರೂ ಉಪಯೋಗ ಇರ್ಲಿಲ್ಲ ಅಕ್ಕ. ಆದೇಶಕ್ಕೆ ಹೋದ ತಿಂಗಳು ಇಪ್ಪತ್ತಾರಕ್ಕೇ ಸಹಿ ಆಗಿದೆ. ನಿಮ್ಮೆಲ್ಲರ ಪತ್ರ ಬರ್ತಾ ಇರುವಾಗಲೇ. ಈ ಸಭೆಗೂ ಏನೂ ಅರ್ಥ ಇಲ್ಲ. ಆ ಪಟ್ಟೀಲಿ ಪಾಸಿನವರನ್ನ ಎಣಿಸಿಯೇ ಇಲ್ಲ." ಮೇಡಂ ಮೈಕಿನ ಮೇಲೆ ಅಂಗೈ ಇಟ್ಟರು, ಆದರೆ ಅದು ಅವರ ಮೈಕು, ಅವನದಲ್ಲ. ಸಭೆ ಎದ್ದು ನಿಂತಿತು. ಇಪ್ಪತ್ತಾರಕ್ಕಾ? ನಮ್ಮನ್ನೇನು ಕುರಿ ಅಂದ್ಕೊಂಡ್ರಾ? ನಾಲ್ಕು ನಾಲ್ಕಾಗಿ ಬೆಸೆದ ಕುರ್ಚಿಗಳಿಂದ ಒಬ್ಬರು ಎದ್ದರೆ ನಾಲ್ವರೂ ಅಲ್ಲಾಡುತ್ತಿದ್ದರು. ಆ ಗದ್ದಲದಲ್ಲಿ ಟೈಪಿಸ್ಟ್ ಬೆರಳುಗಳನ್ನು ಕೀಲಿಗಳ ಮೇಲೆ ಹಿಡಿದು ಅವನ ಕಡೆ ತಲೆಯೆತ್ತಿದಳು. ಸಭೆಯಲ್ಲಿ ಆಡಿದ ಪ್ರತಿ ಮಾತೂ ದಾಖಲಾಗತಕ್ಕದ್ದು, ಮೂರು ದಿನದಲ್ಲಿ ಪ್ರಕಟವಾಗತಕ್ಕದ್ದು. ಐದನೆಯ ಪುಟ.

"ಇದನ್ನೂ ಬರ್ಕೊಳ್ಲಾ ಸಾರ್?"

"ಬರ್ಕೊಳ್ಳಿ."

ಅಕ್ಕ ಮೈಕಿನ ಮುಂದೆಯೇ ನಿಂತಿದ್ದಳು. ಅವಳು ಕೂಗಲಿಲ್ಲ, ಅಳಲೂ ಇಲ್ಲ. ಆಸ್ಪತ್ರೆಯ ಯಂತ್ರ ಒಂದು ಸುತ್ತು ಮುಗಿಸುವವರೆಗೆ ಕಾಯುವ ಹಾಗೆ ಸದ್ದು ಇಳಿಯುವವರೆಗೆ ಕಾದಳು. ಆಮೇಲೆ ಅವನ ಮೇಜಿನ ಬಳಿಗೆ ಬಂದು, ಅಲ್ಲಿ ಅವನ ಗಡಿಯಾರದ ಕೆಳಗಿದ್ದ ತನ್ನ ಚೌಕಗಳ ಹಾಳೆಯನ್ನು ಎಳೆದುಕೊಂಡು ಮೈಕಿಗೆ ವಾಪಸ್ಸು ಹೋದಳು. ಅವನ ಮುಖ ನೋಡಲಿಲ್ಲ. ಅವನ ಗಡಿಯಾರದಲ್ಲಿ ಅವಳ ಎರಡು ನಿಮಿಷ ಮುಗಿದು ಬಹಳ ಹೊತ್ತಾಗಿತ್ತು.

"ಬರ್ಕೊಳ್ಳಿ ಸಾರ್," ಎಂದಳು ಅಕ್ಕ ಅವನಿಗೆ. "ಸೋಮವಾರ, ನಲವತ್ತೊಂದು."

ಅವನು ನಿಂತೇ ಪೆನ್ನು ತೆಗೆದುಕೊಂಡ. ಕಾಗದ ಸಿಗಲಿಲ್ಲ, ಕೈಪಿಡಿಯನ್ನು ಮಗುಚಿ ಅದರ ಹಿಂದಿನ ಖಾಲಿ ಪುಟದಲ್ಲಿ ಬರೆದ.

"ಮಂಗಳವಾರ," ಎಂದಳು ಅಕ್ಕ, ಅವನು ಬರೆದು ಮುಗಿಸಿದನೇ ಎಂದು ನೋಡಿ.